ಎದಿ ಹಿಂಡಿಧಂಗ

ನಾಳೆ ಪುಣೆ. ಮಿಲಿಟರಿ ಡಾಕ್ಟರ್ ಕಾಲೇಜಿನ ಮುಲಾಖತ್.
ಹವಾಲ್ದಾರ ಲಗಮಣ್ಣ ಮಾಮಾ ನನ್ನ ಅಂಗಾಲಿಗೆ ನೀರು ಹಚ್ಚಿ
ಶಾಬಾದಿ ಫರಸಿ ಮ್ಯಾಲ ನಿಂದರಸ್ಯಾನ.
ಹೆಜ್ಜಿ ಒಣಗೂದರಾಗ ಬಗ್ಗಿ ನೋಡ್ತಾನ:
ನಡಕ ಖಾಲಿ ಬಿಟ್ಟದ, ಬಿಲ್ಲಿನಂಗ ಬಾಗ್ಯದ.
"ಸಪಾಟ ಪಾದ ಅಲ್ಲ. ಪಾಸ್."
ಇಷ್ಟು ಸಲೀಸ ಪಾಸಾಗಿದ್ದು
ಈ ವರ್ಷ ಇದೊಂದಽ.

ಫೈಲಿನ್ಯಾಗ ನಾವು ಮೂರು ಮಂದಿ ಇದ್ದೀವಿ.
ಮೈಂದರ್ಗಿ ಕನ್ನಡ ಸಾಲಿ ದಾಖಲಾದಾಗ ದಾನಮ್ಮ.
ತಹಶೀಲ ಕಚೇರಿ ಮರಾಠಿ ಕಾಗದದಾಗ ದಾನವ್ವಾ.
ಆಧಾರದಾಗ ಒಂದು ಎಚ್ ಹೆಚ್ಚಾಗಿ ಧನಮ್ಮ,
ಕೊಡೂ ಹೆಸರಿನಾಕಿ ರೊಕ್ಕದ ಹೆಸರಿನಾಕಿ ಆಗೇನಿ.
ಮೂವರೂ ಒಬ್ಬಾಕಿನಽ ಅಂತ
ನೂರು ರೂಪಾಯಿ ಸ್ಟಾಂಪಿನ ಮ್ಯಾಲ ಬರಸ್ಕೊಂಡು
ನೋಟರಿ ಸಾಹೇಬ
ನನ್ನ ಮಾರಿ ನೋಡದಽ ಸಹಿ ಹಾಕ್ಯಾನ.

ಅಂಗಳದಾಗ ಪ್ಲಾಸ್ಟಿಕ್ ಖುರ್ಚಿ ಮೂರು.
ಒಂದರಾಗ ಮಾಮಾ. ಉಳಿದ ಎರಡು ಖಾಲಿ,
"ಇವರು ಕರ್ನಲ್ ಸಾಹೇಬ್ರು, ಇವರು ಪ್ರೊಫೆಸರ್ ಬಾಯಿ.
ಅವರ ಕಡೀನೂ ನೋಡಿ ಮಾತಾಡು. ಬೆನ್ನು ನೆಟ್ಟಗ.
ಡಾಕ್ಟರ್ ಯಾಕ ಆಗ್ಬೇಕಂತಿ?"

"ಸಿನ್ಸ್ ಮೈ ಚೈಲ್ಡ್‌ಹುಡ್, ಸರ್..."
ಮಾಮಾ ಕೈ ಎತ್ತತಾನ, ಗೇಟಿನ್ಯಾಗ ಗಾಡಿ ತಡದಂಗ.
"ಇದನ್ನ ಹೊರಗ ಕುಂತ ಅಷ್ಟೂ ಮಂದಿ ಹೇಳ್ತದ.
ನಿಂದು ಹೇಳು."

ನಂದು ಅದ. ಹೇಳಂಗಿಲ್ಲ.

ಅವ್ವ ಸೊಲ್ಲಾಪುರ ಸಿವಿಲ್ ದವಾಖಾನಿ ಆಯಾ.
ಅಕ್ಕಲಕೋಟ ಕಡೆ ಮಂದಿ, ಇಂಡಿ ಕಡೆ ಮಂದಿ
ವಡಾಪ ಜೀಪಿನ್ಯಾಗ ಬ್ಯಾನಿ ಹೊತ್ಕೊಂಡು ಬರ್ತಾರ.
ಡಾಕ್ಟರದು ಮರಾಠಿ. ನಡಕ ಅವ್ವ.
ಫಿನಾಯಿಲ್ ಬಕೀಟು ಕೆಳಗಿಟ್ಟು
ಈ ದಂಡಿಯಿಂದ ಆ ದಂಡಿಗಿ ಮಾತು ದಾಟಸ್ತಾಳ.
ಅದಕ್ಕ ಪಗಾರಿಲ್ಲ.

ಒಂದಿನ ಅವ್ವ ಹೆರಿಗಿ ವಾರ್ಡಿನ್ಯಾಗ ಸಿಕ್ಕಿದ್ಲು.
ನಾನು ಎಂಟನೇ ಇಯತ್ತೆ, ಊಟದ ಡಬ್ಬಿ ಕೊಡಾಕ ಹೋದಾಕಿ.
ಹಸರು ಇಳಕಲ್ಲ ಸೀರಿ ಮುದುಕಿ ನನ್ನ ಕೈ ಹಿಡದು
"ಎದಿ ಹಿಂಡಿಧಂಗ ಆಗ್ತದ ತಂಗಿ,
ಜೀವ ಕಳಾಕಳಾ ಅಂತದ,
ಎಡಗೈ ನಂದಲ್ಲೇನೋ ಅನ್ನೂಹಂಗ" ಅಂದ್ಲು.
ಏನಂತಾಳ? ಡಾಕ್ಟರ ಪೆನ್ನು ಎತ್ತಿ ಕೇಳಿದ.
ಅಷ್ಟಕ್ಕೆಲ್ಲಾ ನನ್ನ ಹಂತ್ಯಾಕ ಮರಾಠಿ ಇರಲಿಲ್ಲ.
"ದುಖತಂಯ" ಅಂದೆ.
ನೋವದ. ಅಷ್ಟಽ.
ಆಂವ ಗ್ಯಾಸಿನ ಗುಳಗಿ ಬರದ.

ಮುದುಕಿ ಸೆರಗಿನ ಗಂಟು ಬಿಚ್ಚಿ
ಒಂದು ಮುಷ್ಟಿ ಶೇಂಗಾ ಕೊಟ್ಟಳು,
"ಛಲೋ ಹೇಳಿದಿ ನನ್ನ ಮಗಳ."
ತಿಂದೆ.
ಹುರದಿದ್ವು, ಉಪ್ಪು ಹಚ್ಚಿದ್ವು.

ಆಕಿ ಹೆಸರು ಕೇಳಲಿಲ್ಲ. ತಿರುಗಿ ಬಂದ್ಲೋ ಇಲ್ಲೋ.
ಹನ್ನೊಂದನೇ ಇಯತ್ತೆ, ಹೃದಯದ ಪಾಠ,
ಎಡಗೈ ಅನ್ನೂ ಸಾಲಿಗಿ ಬಂದು ಪುಸ್ತಕ ಮುಚ್ಚಿದೆ.
ಆಮ್ಯಾಲ ನೀಟಿಗಿ ಓದಿದ್ದೆಲ್ಲಾ
ಆ ಸಾಲಿನ ಮುಂದಿಂದು.

ಕಡೇ ಎಸ್ಟಿ ಇಳದು ಅವ್ವ ಬಂದಾಳ.
ಮಾಮಾ ಎದ್ದುಹೋದ ಖುರ್ಚಿದಾಗ ಕಾಲು ಚಾಚಿ ಕುಂತು
"ನಾನೂ ಒಂದು ಕೇಳ್ಲೇನು?
ಯಾಕ ಡಾಕ್ಟರ್ ಆಗ್ತಿ?"

ಕತ್ತಲದಾಗ, ಕನ್ನಡದಾಗ, ಹೇಳಿಬಿಟ್ಟೆ.
ಶೇಂಗಾದ ತನಕ.

ಅವ್ವ ಬೈಲಿಲ್ಲ. ಬೆನ್ನು ಸವರಲಿಲ್ಲ.
ಕರ್ನಲ್ ಸಾಹೇಬ್ರು, ಪ್ರೊಫೆಸರ್ ಬಾಯಿ
ಖಾಲಿ ಕುಂತು ಕೇಳ್ಕೋತ ಇದ್ರು.
ಭಾಳ ಹೊತ್ತಿನ ಮ್ಯಾಲ,
ಬ್ಯಾರೆ ಯಾರಿಗೋ ಹೇಳಿಧಂಗ,
"ಮರಾಠಿದಾಗ ಅದಕ್ಕ ಪಿಳಲ್ಯಾಸಾರಖಂ ಅಂತಾರ.
ನನಗ ಗೊತ್ತಿತ್ತು" ಅಂದ್ಲು.

ಎದ್ದು ಒಳಗ ಹೋಗೂಮುಂದ ತಿರುಗಿ ನಿಂತು,
"ಇಂಗ್ಲಿಷಿನ್ಯಾಗ ಏನಂತಾರ
ಈಗಽ ನೋಡಿಟ್ಕೋ."