ಎರಡು ಡಿಗ್ರಿ

ಸ್ಕ್ಯಾಫೋಲ್ಡಿಂಗಿನ ಕಂಬ ನೆಟ್ಟಗಿದೆಯೇ ಎಂದು ನೋಡಿ
ಸಹಿ ಹಾಕುವುದು ನನ್ನ ಕೆಲಸ.
ವಾರಕ್ಕೆ ಆರು ದಿನ ತೊಂಬತ್ತೇ ಸತ್ಯ,
ಎಂಬತ್ತೆಂಟು ಅಂದರೆ ಕೆಂಪು ಚೀಟಿ.

ಶುಕ್ರವಾರ ಮಾತ್ರ
ಅದೇ ಮಾಪಕವನ್ನು ಜೇಬಿಗಿಳಿಸಿ
ಬಿಸಿಲೇಳುವ ಮುಂಚೆ ಅಮಿರಾತಿನ ಗುಡ್ಡಕ್ಕೆ ಹೋಗುತ್ತೇನೆ,
ಓರೆಯ ಪಾಠಕ್ಕೆ.

ಸೈಕಲ್ಲು, ಮಸ್ಕತ್ತು ಬಿಟ್ಟು ಹೊರಟ ಯಾರೋ ಸ್ಕಾಟ್ಲೆಂಡಿನವ
ಮೂವತ್ತೆಂಟು ರಿಯಾಲಿಗೆ ಕೊಟ್ಟು ಹೋದದ್ದು.
ಹಳೆಯ ಕಾಲದ ಉಕ್ಕು,
ಫ್ರೇಮಿನ ಮೇಲೆ ಅವನ ಮಗಳು ಅಂಟಿಸಿದ ಒಂದು ಆಮೆ.
ಮಾಪಕ ಇಟ್ಟು ನೋಡಿದೆ: ಮುಂದಿನ ಫೋರ್ಕು
ಎಪ್ಪತ್ತೊಂದು ಡಿಗ್ರಿ,
ಹೆಡ್‌ಮಾಸ್ತರರ ಬೆನ್ನಿನ ಹಾಗೆ.

ಏರಿನಲ್ಲಿ ಅದು ಆಡು.
ಕರಿಕಲ್ಲಿನ ಸಂದಿಯಲ್ಲಿ ಕಣ್ಣು ಹೋದಲ್ಲಿ ಗಾಲಿ,
ಹ್ಯಾಂಡಲ್ಲು ಹೇಳುವ ಮುಂಚೆ ಕೇಳಿಸಿಕೊಳ್ಳುತ್ತಿತ್ತು.
ತುದಿಯಲ್ಲಿ ನಿಂತು ಗಡ್ಡದ ಬೆವರು ಹಿಂಡಿದರೆ
ಕೆಳಗೆ ಬಿಳಿಬಿಳಿ ಮನೆಗಳು,
ಒಣಹಾಕಿ ಮರೆತ ಸಂಡಿಗೆ.

ಆಮೇಲೆ ಇಳುಕಲು.
ಮೊಣಕಾಲೆತ್ತರವೂ ಇಲ್ಲದ ಒಂದು ಮೆಟ್ಟಿಲುಗಲ್ಲು.
ಮುಂಗಾಲಿ ಅಲ್ಲೇ ನಿಂತಿತು.
ನಾನು ನಿಲ್ಲಲಿಲ್ಲ.

ಹಮ್ರಿಯಾದಲ್ಲಿ ಸೈಕಲ್ಲು ರಿಪೇರಿಯ ರೋದೆಲ್, ಸೆಬುವಿನವ,
ಗದ್ದದ ಹೊಲಿಗೆ ನೋಡಿ ನಗಲಿಲ್ಲ.
ಫ್ರೇಮಿನ ತಲೆಕೊಳವೆಯೊಳಗೆ
ಓರೆ ಕೊರೆದ ಬಟ್ಟಲೊಂದನ್ನು ಒತ್ತಿ ಕೂರಿಸಿದ,
ಫೋರ್ಕನ್ನು ಎರಡು ಡಿಗ್ರಿ ಒರಗಿಸಿದ.
‘ಇನ್ನು ಗಾಲಿ ನಿನಗಿಂತ ಮೊದಲೇ ಹೋಗಿ
ಕಲ್ಲಿನ ಜೊತೆ ಮಾತಾಡುತ್ತದೆ’ ಅಂದ,
ಅರ್ಧ ಹಿಂದಿ, ಅರ್ಧ ಕೈಸನ್ನೆ.

ಸುಳ್ಳಲ್ಲ.
ಅದೇ ಮೆಟ್ಟಿಲುಗಲ್ಲು ಬಂತು, ಹೋಯಿತು,
ಬಂದದ್ದು ಗೊತ್ತಾದದ್ದು ಹೋದ ಮೇಲೆ.
ಕೂಗಿದೆ. ಏನು ಕೂಗಿದೆನೋ, ಕನ್ನಡವೇ ಇರಬೇಕು,
ವಾದಿಯಲ್ಲಿ ಮೇಯುತ್ತಿದ್ದ ಕತ್ತೆಯೊಂದು
ಕತ್ತೆತ್ತಿ ನೋಡಿ, ಮತ್ತೆ ಮುಳ್ಳಿಗೆ ಬಾಯಿ ಹಾಕಿತು.

ಆದರೆ ಸಾಲ ಸಾಲವೇ.
ಇಳುಕಲು ಕೊಟ್ಟದ್ದನ್ನು ಏರು ವಸೂಲಿ ಮಾಡಿತು:
ಮುಂಗಾಲಿ ಹಗುರಾಗಿ, ಮೂಗೆತ್ತಿ,
ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲೆಯಿತು,
ಮದುವೆ ಮನೆಯ ಬಾಗಿಲಲ್ಲಿ
ತನ್ನ ಚಪ್ಪಲಿ ಹುಡುಕುವವನ ಹಾಗೆ.
ಪೆಡಲೂ ನೆಲಕ್ಕೆ ಉಗುರಿನಷ್ಟು ಹತ್ತಿರವಾಗಿ
ಕಲ್ಲು ಕಲ್ಲಿಗೂ ಟಣ್ಣೆಂದು ಲೆಕ್ಕ ಕೊಟ್ಟಿತು.

ಸೀಟನ್ನು ಹೆಬ್ಬೆರಳಗಲ ಮುಂದೆ ಸರಿಸಿದೆ,
ಸೊಂಟ ಪೆಡಲಿನ ನೆತ್ತಿಗೆ ಬಂತು.
ಅದರ ಮೂತಿಯ ಮೇಲೆ ಕೂತು, ಮೊಣಕೈ ತಗ್ಗಿಸಿ,
ಎದೆಯನ್ನು ಹ್ಯಾಂಡಲಿಗೆ ಅಡವಿಟ್ಟು
ಹತ್ತುವುದು ಕಲಿತೆ.
ತುದಿಯಲ್ಲಿ ಇಳಿದು, ಕೀಲು ಸಡಿಲಿಸಿ,
ಸೀಟನ್ನು ಪಾತಾಳಕ್ಕೆ ತಳ್ಳಿ
ಬೆನ್ನು ಹಿಂದಿನ ಗಾಲಿಗೆ ಒಪ್ಪಿಸಿ
ಇಳಿಯುವುದು ಕಲಿತೆ.
ನಲವತ್ತೇಳನೆಯ ವಯಸ್ಸಿಗೆ ಎರಡು ಮೈ.

‘ಹೊಸದು ತಗೋ ಮಾರಾಯ’ ಎಂಬರ್ಥದ ಅರಬಿಯಲ್ಲಿ
ಅಜ್ಜಾನ್ ಪ್ರತಿ ವಾರ ಹೇಳುತ್ತಾನೆ.
ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ನೋಡುವ ಹುಡುಗ.
ಅವನದಕ್ಕೆ ಫೋರ್ಕು ಅರವತ್ತನಾಲ್ಕು, ಸೀಟಿನ ಕೊಳವೆ ಎಪ್ಪತ್ತೆಂಟು,
ಉದ್ದ ಮೈ, ಗುಂಡಿ ಒತ್ತಿದರೆ ಕುಗ್ಗುವ ಸೀಟು.
ಏರಿಗೂ ಅದೇ, ಇಳುಕಲಿಗೂ ಅದೇ ಅನ್ನುತ್ತಾನೆ.
ಇರಬಹುದು. ನನ್ನನ್ನು ಎರಡೂ ಕಡೆ ಹಿಂದೆ ಹಾಕಿಯೇ ಹಾಕುತ್ತಾನೆ.
ಆಡುಗಳು ತಿರುಗುವ ಆ ಕಿರಿದಾದ ಮುರುಕಿನಲ್ಲಿ ಮಾತ್ರ
ಅವನ ಹಡಗು ತಿರುಗದೆ,
ಕೆಳಗಿಳಿದು ಹಿಂಬದಿ ಎತ್ತಿಡುತ್ತಾನೆ.
ಆಗ ನಾನು ಪಕ್ಕದಿಂದ ಹಾಯುತ್ತೇನೆ,
ಗಂಟೆ ಇಲ್ಲ, ಬಾಯಲ್ಲೇ ಟ್ರಿಣ್ ಟ್ರಿಣ್.

ಶನಿವಾರ ಬೆಳಿಗ್ಗೆ ಸೈಟಿನಲ್ಲಿ
ಕಂಬಕ್ಕೆ ಮಾಪಕ ಅಂಟಿಸಿದೆ.
ಅಂಕಿ ಎಂಬತ್ತೆಂಟರ ಹತ್ತಿರ ತಡಕಾಡಿತು,
ತೊಂಬತ್ತಕ್ಕೆ ಬರಲು ಎಂದಿಗಿಂತ ತುಸು ಹೊತ್ತು ಹಿಡಿಯಿತು.
ಒರೆಸಿದೆ. ಗುಡ್ಡದ ಧೂಳಿರಬೇಕು.