ಎರಡ ಕೋಡಿನ ಗಾಡಿ

ಮಣೂಕ ವಾಸನಿ ಹಿಡೀತೈತಿ,
ಸಣ್ಣ ಹುಡುಗ್ರು ಬೈಗಳ ಹಿಡಿದ್ಹಂಗ.
ಬೀಡಿ ಸೇದಿದಂವ ಒಮ್ಮೆ ಕೈಯಾಡಿಸಿದ್ರ
ಎಂಟು ದಿನದ ಮ್ಯಾಲೂ ಅವನ ಹೆಸರು ಹೇಳ್ತೈತಿ.
ಅಂಥಾದ್ರಾಗ
ತಿಕೋಟಾ ರಸ್ತಾದ ನಮ್ಮ ಕೋಲ್ಡ್ ಸ್ಟೋರೇಜಿನ್ಯಾಗ
ಹನ್ನೆರಡು ವರ್ಷ ಡೀಸೆಲ್ ಗಾಡಿ ಓಡ್ಯಾಡ್ತು.

ದಾವಲಮಲಿಕ ನಡಸಂವ.
ಮುಂದ ಎರಡು ಕೋಡು, ಹಿಂದ ಬೀಸುಕಲ್ಲಿನಂಥಾ ಭಾರ.
ಐದು ನಿಮಿಷ ಕ್ಯಾನ್ ಬಗ್ಗಿಸಿ ಕುಡಸಿದ್ರ ಸಾಕು,
ಮಧ್ಯಾಹ್ನದ ತನಕಾ ಉಸ್ ಅಂತಿರಲಿಲ್ಲ.

ನಾ ಆರಿಸುವಾಕಿ. ಕಡ್ಡಿ, ಹರಳು, ಸುಟ್ಟ ಕಾಳು.
ಸಂಜಿಮುಂದ ಮೂಗು ಒರಸಿದ್ರ
ಸೆರಗಿನ ಮ್ಯಾಲ ಕಾಡಿಗಿ.
"ಕಣ್ಣಿಗೆ ಹಚ್ಚೂದು ಮೂಗಿಗೆ ಬಂತಲ್ಲ"
ಅಂತ ನಗ್ತಿದ್ಲು ಶಾವಂತ್ರವ್ವ, ನಕ್ಕೋತ ಕೆಮ್ಮತಿದ್ಲು.

ಆಮ್ಯಾಲ ತಾಸಗಾಂವದ ವ್ಯಾಪಾರಿ ಬಂದ.
ನಾಕು ಕಾಳು ಬಾಯಾಗ ಹಾಕ್ಕೊಂಡ,
ಉಗುಳಲಿಲ್ಲ, ನುಂಗಲಿಲ್ಲ.
"ದ್ರಾಕ್ಷಿ ಪೆಟ್ರೋಲ್ ಬಂಕಿನ್ಯಾಗ ಬೆಳಸೀರೇನ್ರಿ?"
ಲಾಟ್ ವಾಪಸ್.
ಮುಂದಿನ ಅಮಾಸಿಗೆ ಬ್ಯಾಟರಿ ಗಾಡಿ ಬಂತು,
ಮಾಲಕರು ಕಾಯಿ ಒಡದ್ರು.

ಖರೇ ಹೇಳ್ತೀನಿ, ಮೂಗಿಗೆ ಹಬ್ಬ.
ಆದ್ರ ಬೆನ್ನಿಗೆ ಕಣ್ಣಿಲ್ಲ ನೋಡ್ರಿ.
ಒಂದಿನ ಬುಟ್ಟಿ ಎತ್ತಿಕೊಂಡು ತಿರಗತೀನಿ,
ಮೊಣಕಾಲಿಗೆ ಗೇಣು ದೂರ ಆ ಎರಡು ಕೋಡು,
ಹಾಲಿಗೆ ಬಂದ ಬೆಕ್ಕಿನಂಗ.
ಹಳೇದು ಬೈಕೋತರೆ ಬರ್ಲಿ, ಹೇಳಿ ಬರ್ತಿತ್ತು.

ಹೇಳಿ ಹೇಳಿ ದಾವಲಮಲಿಕನ ಎಡಗಿವಿ ತಿಂತು,
ಅದನ್ನೂ ಲೆಕ್ಕಕ್ಕ ಹಿಡೀರಿ.
ಅವನ್ನ ಮಾತಾಡಸಾಕ ಈಗೂ ಬಲಕ್ಕ ಹೋಗಿ ನಿಂದರ್ತೀವಿ.

ಮಾರ್ಚ್ ಕಡೀಕ ಅಡ್ಡಮಳಿ.
ಅಂಗಳದಾಗ ಎರಡು ಲಾರಿ ಮಾಲು, ಕರೆಂಟ್ ಹೋತು.
ಹೊಸಾದು ಗ್ವಾಡಿಗೆ ವಾಯರ್ ಹಚಗೊಂಡು
ಸಲೈನ್ ಏರಿಸಿದ ಪೇಷಂಟಿನಂಗ ಮಲಗೇತಿ.
ದಾವಲಮಲಿಕ ತಾಡಪತ್ರಿ ಕಿತ್ತು ಒಗದ.
ಮೂರು ಸಲ ಕೆಮ್ಮಿತು ಹಳೇದು,
ನಾಕನೇದಕ್ಕ ಎದ್ದಿತು.
ಎರಿಮಣ್ಣಾಗ ಗಾಲಿ ಮುಣಗಿ ಮುಣಗಿ ಎದ್ದು
ನಲವತ್ತಾರು ಪ್ಯಾಲೆಟ್ ಒಳಗ ತಂದು ಇಟ್ಟಿತು.
ಹೊಗಿ ಮಳಿಗೆ ಮ್ಯಾಲ ಏರದ ನಮ್ಮ ನಡುವ ಕುಂತಿತ್ತು.
ಅವತ್ತು ಯಾರೂ ಸೆರಗು ಮೂಗಿಗೆ ಹಿಡೀಲಿಲ್ಲ.

ಈಗ ಬಾಗಲದಾಗ ಹಳದಿ ಗೆರಿ ಎಳದಾರ.
ಹಳೇದು ಗೆರಿತನಕಾ ತಂದು ಇಳಸ್ತೈತಿ,
ಹೊಸಾದು ಸಪ್ಪಳಿಲ್ಲದ ಎತ್ತಿಕೊಂಡು ಹೋಗ್ತೈತಿ.
ಗೆರಿ ಹೊಗೀಗೆ ಗೊತ್ತಿಲ್ಲ, ಆ ಮಾತು ಬ್ಯಾರೆ.

ವಾಪಸ್ ಬಂದಿತ್ತಲ್ಲ ಲಾಟ್,
ಅದರಾಗ ನಮಗೆಲ್ಲಾ ಎರಡೆರಡು ಕಿಲೋ ಹಂಚಿದ್ರು.
ಮನ್ಯಾಗ ಸಣ್ಣಾಕಿ ಒಂದು ಕಾಳು ಮೂಸಿ ನೋಡಿ
"ಯವ್ವಾ, ಇದು ನಿನ್ನ ವಾಸನಿ" ಅಂದ್ಲು.
ಅಂದು
ಇನ್ನೊಂದು ಹಿಡಿ ತಗೊಂಡ್ಲು.