ಬೆಣ್ಣಿ ತೂಕ

ಮೂವತ್ತೊಂದು ವರ್ಷ ಖಾನಾವಳಿ ನಡಿಸೀನಿ,
ಬೆಣ್ಣಿ ತೂಗಿ ಹಾಕಿದಾಕಿ ಅಲ್ಲ ನಾನು.
ಬೋಗುಣಿಗೆ ಬಟ್ಟು ಅದ್ದೂದು, ಬಿಸಿ ರೊಟ್ಟಿ ನಡುವ ಒರಸೂದು,
ಉಣ್ಣಾಂವನ ಮಾರಿ ನೋಡಿ ಇನ್ನೊಮ್ಮೆ ಅದ್ದೂದು.
ಅಮರಗೋಳದ ಹಮಾಲರು ಬಂದ್ರ
ಮೂರನೇದೂ ಆಗತಿತ್ತು.

ವಿದ್ಯಾನಗರದ ದವಾಖಾನಿಯಿಂದ ಬಂದ ಡಾಕ್ಟರಬಾಯಿ
ಕಟ್ಟಿ ಮ್ಯಾಲೆ ಒಂದು ತಕ್ಕಡಿ ಇಟ್ಟಳು.
ಅಂಗೈಯಷ್ಟಽ ಅದು, ಉಸರು ಬಿಟ್ರ ಅಂಕಿ ಹೊಯ್ದಾಡತಿತ್ತು.
"ಮೂರು ವಾರ, ಮೂರು ಊಟ, ಗುರಸಿದ್ದವ್ವ.
ಅದಽ ರೊಟ್ಟಿ, ಅದಽ ಬದನಿಕಾಯಿ, ಅದಽ ಹೆಸರಕಾಳು.
ಜಿಡ್ಡು ಮಾತ್ರ ಬ್ಯಾರೆ.
ಮೊದಲನೇ ವಾರ ಐದು ಗ್ರಾಂ, ಆಮ್ಯಾಲೆ ಇಪ್ಪತ್ತು,
ಕಡೀಕ ಐವತ್ತು."

ಐದು ಗ್ರಾಂ!
ಶೇಂಗಾದಾಗೂ ಎಣ್ಣಿ, ಗುರೆಳ್ಳಿನಾಗೂ ಎಣ್ಣಿ,
ಎರಡೂ ತಗದ ಮ್ಯಾಲೆ ಹುಣಸೀ ನೀರಾಗ ಕುಂತ ಬದನಿಕಾಯಿ
ಗುರುತಿನವರಿಲ್ಲದ ಮದುವಿಗೆ ಬಂದವರಂಗ
ಆ ಕಡೆ ಈ ಕಡೆ ನೋಡತಿತ್ತು.
ನಾಚಿಕಿ ಆತು ಬಡಸಾಕ.
ಫಕ್ಕೀರೇಶ ಒಂದು ತುತ್ತು ತಿಂದು ಕೇಳಿದ:
"ಅವ್ವಾ, ನಮ್ಮ ಮ್ಯಾಲೆ ಸಿಟ್ಟಾಗೀಯೇನು?"

ಉಣ್ಣೂಕಿಂತ ಮೊದಲೊಂದು ಸೂಜಿ,
ಉಂಡ ಮ್ಯಾಲೆ ಎರಡೆರಡು ತಾಸಿಗೊಂದು.
ಲ್ಯಾಬಿನ ಹುಡುಗಿ ಶಮೀನಾ ನಳಿಗಿಗೆ ಹೆಸರು ಹಚ್ಚಿ
ಯಂತ್ರದಾಗ ಇಟ್ಟು ಗರಗರ ತಿರುವತಿದ್ಲು.
ರಕ್ತ ಅಂದ್ರ ಕೆಂಪು ಅಂತ ತಿಳದಿದ್ದೆ.
ತಿರುವಿದ ಮ್ಯಾಲೆ ಕೆಂಪೆಲ್ಲಾ ತಳಕ್ಕ ಕುಂತು
ಮ್ಯಾಲೆ ನಿಂತದ್ದು ಕುಸುಬಿ ಎಣ್ಣಿ ಬಣ್ಣದ ತಿಳಿ.

ಮೊದಲನೇ ವಾರ ನಾಕು ತಾಸಾದ್ರೂ ತಿಳಿ ತಿಳಿನಽ.
ನಳಿಗಿ ಹಿಂದ ಬಟ್ಟು ಹಿಡದ್ರ ಉಗರು ಕಾಣತಿತ್ತು.
ಎರಡನೇ ವಾರ
ಚಳಿಗಾಲದಾಗ ಬಸ್ಸಿನ ಗಾಜು ಮುಸುಕಿದಂಗ.
ಮೂರನೇ ವಾರ ಶಮೀನಾ ಕಿಡಕಿ ಬೆಳಕಿಗೆ ಹಿಡದಳು,
ಏನೂ ಅನಲಿಲ್ಲ, ನನ್ನ ಕಡೆ ನೋಡಿದ್ಲು.

ಮಜ್ಜಿಗಿ.

ನಸಿಕಿನ್ಯಾಗ ಎದ್ದು ಕಡದು, ನೀರು ಹಿಂಡಿ,
ಬೆಳ್ಳಗ ಉಂಡಿ ಕಟ್ಟಿ ತಂದಿದ್ದೆ.
ಇವರ ಮೈಯಾಗ ಹೊಕ್ಕು ಅದು ಮತ್ತ ಮಜ್ಜಿಗಿ ಆಗಿ ಕುಂತಿತ್ತು,
ನಾ ಕಡದದ್ದು ಸುಳ್ಳು ಅನ್ನೂವಂಗ.

"ಉಂಡ ಜಿಡ್ಡು ನಾಕು ತಾಸಿಗೆ ಏರತದ, ಆಮ್ಯಾಲೆ ಇಳೀತದ," ಅಂದ್ರು.
"ಎಂಟು ತಾಸಿಗೆ ತಿಳಿ ಆಗಬಹುದು. ಕೆಲವರಿಗೆ ತಡ."
ಸಣಕಲ ಪಾಯಪ್ಪಂದು ಸಂಜಿಗೇನಽ ತಿಳಿ ಆತು.
ಕ್ವಿಂಟಲ್ ಚೀಲ ಹೊರೋ ಫಕ್ಕೀರೇಶಂದು
ದೀಪ ಹಚ್ಚೋ ಹೊತ್ತಿಗೂ ಬೆಳ್ಳಗಿತ್ತು.
ನಾ ಬಟ್ಟು ಮಡಚಿ ಎಣಿಸಿದೆ:
ಒಂದಕ್ಕ ಊಟ, ಐದಕ್ಕ ದುರ್ಗದ ಬೈಲಿನಾಗ ಮಿರ್ಚಿ,
ಒಂಬತ್ತಕ್ಕ ಮತ್ತ ನನ್ನ ಅಂಗಳ.
ಹಂಗಾರ ಇವರು ತಿಳಿ ಆಗೂದು ಯಾವಾಗ?

ನಾಕು ತಾಸು ಅಂದಾಗ ಗಲ್ಲೇದ ಕುರ್ಚಿ ಕಣ್ಣಿಗೆ ಬಂತು.
ನಮ್ಮವರು ಅಲ್ಲೇ ಕುಂತಲ್ಲೇ ಹ್ವಾದ್ರು,
ಹೊಳಿಗಿ ಉಂಡ ದಿನ, ಸಂಜಿ ಮುಂದ.
ಅದನ್ನ ಡಾಕ್ಟರಗ ಕೇಳಲಿಲ್ಲ.
ಒಂದು ಬಟ್ಟಲ ತುಪ್ಪದ ಮ್ಯಾಲೆ
ಒಬ್ಬ ಮನಷ್ಯಾನ ಲೆಕ್ಕ ಹಚ್ಚಬಾರದು.

ತಕ್ಕಡಿ ಒಯ್ಯಾಕ ಬಂದಾಗ, "ಇರಲಿ ಬಿಡ್ರಿ," ಅಂದೆ.

ಮರುದಿನ ಫಕ್ಕೀರೇಶ ಕುಂತ, ರೊಟ್ಟಿ ಮುರಿದ.
ನನ್ನ ಬಟ್ಟು ಬೋಗುಣಿ ಮ್ಯಾಲೆ ನಿಂತಽ ಬಿಟ್ಟಿತು.
ಅಂವ ನೋಡಿದ.
"ಎಷ್ಟ ಬರತೈತಿ ಅದು?"
"ಇಪ್ಪತ್ತು."
"ಹತ್ತಕ್ಕ ಬಿಡ್ರಿ."
"ಹದಿನೈದು, ನಿನ್ನದೂ ಬ್ಯಾಡ ನನ್ನದೂ ಬ್ಯಾಡ."
"ಹನ್ನೆರಡು, ಕಡೀ ಮಾತು."
ಮೆಣಸಿನಕಾಯಿ ಚೀಲದ ಮುಂದ ನಿಂತಂಗ
ಪಂಕ್ತಿಯೆಲ್ಲಾ ಕೈ ಬಿಟ್ಟು ಕೇಳತಿತ್ತು.

ಹನ್ನೆರಡು ತೂಗಿ ಹಾಕಿದೆ.
ಬಟ್ಟಿಗೆ ಹತ್ತಿ ಉಳದದ್ದನ್ನ
ಒಳಗ ಹೋಗಿ ನನ್ನ ರೊಟ್ಟಿಗೆ ಒರಸಿಕೊಂಡೆ.
ಅದರ ತೂಕ ಯಾರೂ ಬರಕೊಂಡಿಲ್ಲ.